ಚಳಿ ನೀರಿನ ಬಿಸಿ ಮೀನು

ಕಳೆದ ಸೆಪ್ಟೆಂಬರಿನಲ್ಲಿ ನಮ್ಮ ಕೂಟದ ಪಿಕ್ನಿಕ್‌ಗೆ ಬಂದಿದ್ದವರಿಗೆ ನೆನಪಿರಬಹುದು. ಜಾಗ ಆಪ್ಟಾಸ್‌ನ ಸೀಕ್ಲಿಫ್ ಬೀಚ್. ಬಿಸಿಬೇಳೆಭಾತ್ ಪಾತ್ರೆ ಖಾಲಿಯಾಗುತ್ತಿದ್ದಂತೆ ಮಕ್ಕಳೆಲ್ಲ ನೀರಿನ ಕಡೆ ಓಡಿದರು. ಅಷ್ಟರಲ್ಲಿ ಯಾರೋ, ಇಲ್ಲಿ ಗ್ರೇಟ್ ವೈಟ್ ಶಾರ್ಕ್ ಇದೆಯಂತೆ ಎಂದರು. ಒಂದೇ ನಿಮಿಷದಲ್ಲಿ ಅಪ್ಪ ಅಮ್ಮಂದಿರೆಲ್ಲ ದಡದಲ್ಲಿ ಸಾಲಾಗಿ ನಿಂತು ಮಕ್ಕಳನ್ನು ಕೂಗತೊಡಗಿದರು. ಅವರಲ್ಲಿ ನಾನೂ ಒಬ್ಬ.

ನಡುಗುತ್ತಾ ಹೊರಗೆ ಬಂದ ನನ್ನ ಎಂಟು ವರ್ಷದ ಮಗಳು ಕೇಳಿದ್ದು ಬೇರೆಯೇ ಪ್ರಶ್ನೆ. "ಅಪ್ಪಾ, ನೀರು ಇಷ್ಟು ಕೋಲ್ಡ್ ಇದೆ, ಶಾರ್ಕ್‌ಗೆ ಚಳಿ ಆಗಲ್ವಾ?" ಮೈಸೂರಿನಿಂದ ಬಂದಿದ್ದ ನನ್ನ ಅಮ್ಮ "ಮೀನಿಗೆ ಎಲ್ಲಿಯ ಚಳಿ ಪುಟ್ಟಿ" ಎನ್ನುತ್ತಾ ಟವೆಲ್ ಹೊದಿಸಿದರು. ನಾನೂ ತಲೆಯಾಡಿಸಿದೆ. ಮನೆಗೆ ಬಂದು ಓದಿದ ಮೇಲೆ ಗೊತ್ತಾಯಿತು, ಅವಳು ಕೇಳಿದ್ದು ಬಹಳ ಒಳ್ಳೆಯ ಪ್ರಶ್ನೆ ಎಂದು.

ಸಾಮಾನ್ಯ ಮೀನಿನ ಮಟ್ಟಿಗೆ ಅಮ್ಮನ ಮಾತು ಸರಿ. ನೀರು ಎಷ್ಟು ತಣ್ಣಗೋ ಮೀನಿನ ಮೈಯೂ ಅಷ್ಟೇ ತಣ್ಣಗೆ. ಈಜುವಾಗ ಸ್ನಾಯುಗಳಲ್ಲಿ ಶಾಖ ಹುಟ್ಟುತ್ತದೆ, ನಿಜ. ಆದರೆ ಆ ಬಿಸಿರಕ್ತ ಆಮ್ಲಜನಕಕ್ಕಾಗಿ ಕಿವಿರಿಗೆ ಹೋಗಲೇಬೇಕು. ಕಿವಿರು ಎಂದರೆ ಕಾರಿನ ರೇಡಿಯೇಟರ್ ಇದ್ದ ಹಾಗೆ. ಅಲ್ಲಿ ಅಷ್ಟೂ ಶಾಖ ಸಮುದ್ರದ ಪಾಲು.

ಗ್ರೇಟ್ ವೈಟ್ ಈ ನಷ್ಟವನ್ನು ತಡೆಯುತ್ತದೆ. ಹೇಗೆ ಎಂದು ಓದಿದಾಗ ನಾನು ಕುರ್ಚಿಯಿಂದ ಎದ್ದು ನಿಂತೆ. ನಾನು ಮಾಡುವುದು ಸಾಫ್ಟ್‌ವೇರ್, ಓದಿದ್ದು ಮೆಕ್ಯಾನಿಕಲ್. ಪರೀಕ್ಷೆಗೆಂದು ಬಾಯಿಪಾಠ ಮಾಡಿ ಮರೆತಿದ್ದ ಹೀಟ್ ಎಕ್ಸ್‌ಚೇಂಜರ್ ಈ ಮೀನಿನ ಹೊಟ್ಟೆಯಲ್ಲಿತ್ತು!

ಎರಡು ಕೊಳವೆ ಅಕ್ಕಪಕ್ಕ ಅಂಟಿಕೊಂಡಿವೆ ಎಂದುಕೊಳ್ಳಿ. ಒಂದರಲ್ಲಿ 26 ಡಿಗ್ರಿಯ ಬಿಸಿನೀರು, ಇನ್ನೊಂದರಲ್ಲಿ ಅಷ್ಟೇ ಪ್ರಮಾಣದ 12 ಡಿಗ್ರಿಯ ತಣ್ಣೀರು. ಎರಡೂ ಒಂದೇ ದಿಕ್ಕಿಗೆ ಹರಿದರೆ ಕೊನೆಗೆ ಎರಡೂ 19ಕ್ಕೆ ಬಂದು ನಿಲ್ಲುತ್ತವೆ. ಎದುರುಬದುರು ಹರಿಸಿದರೆ ಲೆಕ್ಕವೇ ಬೇರೆ. ತಣ್ಣೀರು ಮುಂದೆ ಹೋದಂತೆಲ್ಲ ತನಗಿಂತ ಬಿಸಿಯಾದ ನೀರೇ ಪಕ್ಕದಲ್ಲಿ ಸಿಗುವುದರಿಂದ, ಕೊಳವೆ ಸಾಕಷ್ಟು ಉದ್ದವಿದ್ದರೆ ಅದು 26ರ ಹತ್ತಿರಕ್ಕೂ ಏರಬಲ್ಲದು. ಮಗಳಿಗೆ ಹೀಗೆ ಹೇಳಿದೆ: ಬೆಚ್ಚಗಿನ ಕೋಣೆಯಿಂದ ಹೊರಗೆ ಹೋಗುವವರು ಬಾಗಿಲಲ್ಲೇ ತಮ್ಮ ಕಂಬಳಿಯನ್ನು ಒಳಗೆ ಬರುವವರಿಗೆ ಕೊಟ್ಟು ಹೋಗುತ್ತಾರೆ. ಜನ ಬಂದು ಹೋಗುತ್ತಾರೆ, ಕಂಬಳಿ ಮನೆಯಲ್ಲೇ ಉಳಿಯುತ್ತದೆ.

ಶಾರ್ಕಿನ ಮೈಯಲ್ಲಿ ಈ ಕೊಳವೆಗಳು ಅತಿ ಸಣ್ಣ ರಕ್ತನಾಳಗಳು. ಬಿಸಿರಕ್ತ ಹೊರಗೆ ತರುವ ನಾಳಗಳೂ ಕಿವಿರಿನಿಂದ ತಣ್ಣನೆಯ ರಕ್ತ ಒಳಗೆ ಒಯ್ಯುವ ನಾಳಗಳೂ ಹೆಣೆದುಕೊಂಡಿರುತ್ತವೆ. ವಿಜ್ಞಾನಿಗಳು ಲ್ಯಾಟಿನ್‌ನಲ್ಲಿ ಇಟ್ಟಿರುವ ಹೆಸರು ರೀಟೆ ಮಿರಾಬಿಲೆ, ಅಂದರೆ ಅದ್ಭುತ ಜಾಲ. ಎಂಜಿನಿಯರುಗಳು ಇಷ್ಟು ಚೆಂದದ ಹೆಸರು ಇಡುವುದಿಲ್ಲ ಬಿಡಿ. ಇಂಥ ಜಾಲಗಳು ಬೆನ್ನುಮೂಳೆ ಬಳಿಯ ಈಜುವ ಸ್ನಾಯುಗಳಿಗೆ, ಹೊಟ್ಟೆಗೆ, ಕಣ್ಣು ಮತ್ತು ಮೆದುಳಿಗೆ ಇವೆ. ಹೊಟ್ಟೆಯಂತೂ ಸುತ್ತಲಿನ ನೀರಿಗಿಂತ ಸುಮಾರು 14 ಡಿಗ್ರಿಯಷ್ಟು ಬಿಸಿಯಿದ್ದುದನ್ನು ಅಳೆದಿದ್ದಾರೆ. ಹೃದಯ ಮಾತ್ರ ನೀರಿನಷ್ಟೇ ತಣ್ಣಗಿರುತ್ತದೆ. ಪಾಪ, ಎಲ್ಲರಿಗೂ ಬಿಸಿಯೂಟ ಬಡಿಸಿ ತಾನು ತಂಗಳು ತಿನ್ನುವ ಮನೆಯೊಡತಿಯ ಹಾಗೆ.

ಬಿಸಿ ಮೈಯಿದ್ದರೆ ಸ್ನಾಯು ಚುರುಕು, ಜೀರ್ಣವೂ ಬೇಗ. ಅದಕ್ಕೇ ದೊಡ್ಡ ಶಾರ್ಕ್‌ಗಳು ಪ್ರತಿ ಶರತ್ಕಾಲದಲ್ಲಿ ಗೋಲ್ಡನ್ ಗೇಟ್‌ನಿಂದ ಸುಮಾರು 30 ಮೈಲಿ ದೂರದ ಫ್ಯಾರಲೋನ್ ದ್ವೀಪಗಳ ಚಳಿ ನೀರಿಗೆ ಬರುತ್ತವೆ. ಅಲ್ಲಿರುವುದು ಕೊಬ್ಬು ತುಂಬಿದ ಎಲಿಫೆಂಟ್ ಸೀಲ್‌ಗಳು. 19ನೇ ಶತಮಾನದಲ್ಲಿ ಎಣ್ಣೆಗಾಗಿ ಬೇಟೆಯಾಡಿ ಈ ಸೀಲ್‌ಗಳನ್ನು ಬಹುತೇಕ ಮುಗಿಸಿಯೇಬಿಟ್ಟಿದ್ದರು. ಫ್ಯಾರಲೋನ್‌ನಲ್ಲಿ ಅವು ಮತ್ತೆ ಮರಿ ಹಾಕಿದ್ದು 1972ರಲ್ಲಿ. ಸಮುದ್ರದ ಸಸ್ತನಿಗಳನ್ನು ರಕ್ಷಿಸುವ ಅಮೆರಿಕದ ಕಾನೂನು ಬಂದದ್ದೂ ಅದೇ ವರ್ಷ. 1994ರಿಂದ ಕ್ಯಾಲಿಫೋರ್ನಿಯಾದಲ್ಲಿ ಈ ಶಾರ್ಕ್‌ಗಳಿಗೂ ರಕ್ಷಣೆಯಿದೆ.

ಹಾಗಾದರೆ ಸೀಲ್ ಕಾಲೊನಿಯೇ ಇಲ್ಲದ ಸೀಕ್ಲಿಫ್‌ನಲ್ಲಿ ಶಾರ್ಕ್ ಏಕೆ? ಅವು ಹೆಚ್ಚಾಗಿ ಮರಿಗಳು. ಲೋಟದ ಕಾಫಿ ಬೇಗ ಆರುತ್ತದೆ, ಹಂಡೆಯ ನೀರು ಆರುವುದಿಲ್ಲ. ಹಾಗೆಯೇ ಜಾಲವಿದ್ದರೂ ಚಿಕ್ಕ ಮೈ ಶಾಖವನ್ನು ಹೆಚ್ಚು ಹೊತ್ತು ಹಿಡಿದಿಡಲಾರದು. ಅದಕ್ಕೇ ಮರಿಗಳು ದಕ್ಷಿಣ ಕ್ಯಾಲಿಫೋರ್ನಿಯಾದ ಬೆಚ್ಚಗಿನ ದಡದಲ್ಲಿ ಮೀನು ತಿಂದು ಬೆಳೆಯುತ್ತಿದ್ದವು. 2014ರಲ್ಲಿ ಪೆಸಿಫಿಕ್ ವಿಪರೀತ ಬಿಸಿಯಾದಾಗ ಮಾಂಟೆರೆ ಕೊಲ್ಲಿಯವರೆಗೂ ಬಂದವು. ಆಪ್ಟಾಸ್ ದಡದ ನೀರು ಆಳವಿಲ್ಲದ್ದು, ಕೊಲ್ಲಿಯ ಉಳಿದ ಭಾಗಕ್ಕಿಂತ ಬೆಚ್ಚಗೆ. ಮಗಳ ಪ್ರಶ್ನೆಗೆ ಉತ್ತರ ಇಲ್ಲಿದೆ: ಹೌದು, ಮರಿ ಶಾರ್ಕ್‌ಗೆ ಚಳಿಯಾಗುತ್ತದೆ.

ಇನ್ನು ನಮ್ಮ ಭಯದ ವಿಷಯ. 2020ರ ಮೇ ತಿಂಗಳಲ್ಲಿ ಸೀಕ್ಲಿಫ್‌ನಿಂದ ಕೆಲವೇ ಮೈಲಿ ದಕ್ಷಿಣಕ್ಕಿರುವ ಮಾನ್ರೇಸಾ ಬೀಚಿನಲ್ಲಿ ಒಬ್ಬ ಸರ್ಫರ್ ಶಾರ್ಕ್ ಕಚ್ಚಿ ತೀರಿಕೊಂಡರು. ಅದನ್ನು ಮುಚ್ಚಿಟ್ಟು ಧೈರ್ಯ ಹೇಳುವುದು ನನಗೆ ಸರಿಯೆನಿಸುವುದಿಲ್ಲ. ಆದರೆ 1950ರಿಂದ ಇಡೀ ಕ್ಯಾಲಿಫೋರ್ನಿಯಾದಲ್ಲಿ ಹೀಗೆ ಸತ್ತವರ ಸಂಖ್ಯೆ ಇಪ್ಪತ್ತನ್ನು ಮುಟ್ಟಿಲ್ಲ. ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಮರಿ ಶಾರ್ಕ್‌ಗಳು ಸೇರುವ ಎರಡು ಕಡೆ ಡ್ರೋನ್ ಹಾರಿಸಿ ನೋಡಿದ ಅಧ್ಯಯನವೊಂದು 2023ರಲ್ಲಿ ಪ್ರಕಟವಾಯಿತು. ನೋಡಿದ ದಿನಗಳಲ್ಲಿ ಶೇಕಡಾ 97ರಷ್ಟು ದಿನ ಜನರೂ ಶಾರ್ಕ್‌ಗಳೂ ಒಂದೇ ನೀರಿನಲ್ಲಿದ್ದರು. ಅಲ್ಲಿನ ಸರ್ಫರ್‌ಗಳಿಗೆ ಅದು ಗೊತ್ತೇ ಇರಲಿಲ್ಲವೇನೋ. ನನ್ನನ್ನು ಕೇಳಿದರೆ, ನಮ್ಮ ಮಕ್ಕಳಿಗೆ ಹೆಚ್ಚಿನ ಅಪಾಯ ಇಲ್ಲಿನ ಸೆಳೆತದಿಂದ, ಹೇಳದೆ ಕೇಳದೆ ಬರುವ ದೊಡ್ಡ ಅಲೆಯಿಂದ. ಸಮುದ್ರಕ್ಕೆ ಬೆನ್ನು ಹಾಕಿ ಫೋಟೋ ತೆಗೆಸಿಕೊಳ್ಳುವ ಅಭ್ಯಾಸವಂತೂ ಬೇಡವೇ ಬೇಡ. ಮುಂದಿನ ಪಿಕ್ನಿಕ್ಕಿನಲ್ಲಿ ಮಗಳನ್ನು ಮೊಣಕಾಲುದ್ದ ನೀರಿಗೆ ಬಿಡುತ್ತೇನೆ, ಪಕ್ಕದಲ್ಲಿ ನಾನೂ ನಿಂತಿರುತ್ತೇನೆ.

ಸೀಲ್‌ಗಳನ್ನು ನೋಡಬೇಕೆನ್ನುವವರು ಆನ್ಯೊ ನುಯೆವೊ ಪಾರ್ಕಿಗೆ ಹೋಗಬಹುದು. ಡಿಸೆಂಬರ್ 15ರಿಂದ ಮಾರ್ಚ್ ಕೊನೆಯವರೆಗೆ ಸೀಲ್‌ಗಳ ಹತ್ತಿರ ಹೋಗಲು ಗೈಡ್ ಜೊತೆಗಿರಲೇಬೇಕು, ಮೊದಲೇ ಬುಕ್ ಮಾಡಿಸಬೇಕು. ಜನವರಿಯಲ್ಲಿ ನಾವು ಹೋಗುವವರಿದ್ದೇವೆ. ಕಾರಿನಲ್ಲಿ ಎರಡು ಸೀಟು ಖಾಲಿ ಇವೆ, ಬರುವವರು ತಿಳಿಸಿ.