ಟಗ್ಗಿನ ಹಗ್ಗ

ಆಳಂದ, ಅಫಜಲಪುರ, ಜೇವರ್ಗಿ ಕಡೆ ನೇವಿ ಅಂದರೆ ತೋಪು, ಜಲಾಂತರ್ಗಾಮಿ. ನಾನು ಸೇರಿದ್ದು ಕಾರವಾರದ ಐಎನ್‌ಎಸ್ ಕದಂಬ ನೆಲೆಯ ಟಗ್ಗಿಗೆ, ಲಸ್ಕರ್ ಆಗಿ, ಅಂದರೆ ಡೆಕ್ಕಿನ ಆಳಾಗಿ. ರಜೆಗೆ ಊರಿಗೆ ಬಂದಾಗ ‘ಯಾವ ಹಡಗ ನಿಂದು?’ ಅಂತ ಕೇಳೋರು. ‘ಹಡಗ ಎಳಿಯೋ ಹಡಗ’ ಅಂದರೆ ಮುಖ ಸಪ್ಪಗಾಗುತ್ತಿತ್ತು.

ಕಬ್ಬಿನ ಸೀಮೆಯವನಿಗೆ ಆ ಕೆಲಸ ಬೇಗ ಹತ್ತಿತು. ಎರಡು ಟ್ರೇಲರ್ ಕಟ್ಟಿಕೊಂಡು ಕಾರ್ಖಾನೆಗೆ ಹೊರಟ ಟ್ರ್ಯಾಕ್ಟರ್ ಏರಿನಲ್ಲಿ ಮುಂಗಾಲಿ ಎತ್ತುವುದನ್ನು ನಾವೆಲ್ಲ ನೋಡಿದವರೇ. ಟಗ್ಗಿಗೆ ಆ ಗಂಡಾಂತರ ಅಡ್ಡದಿಂದ ಬರುತ್ತದೆ. ದೊಡ್ಡ ಹಡಗು ಮುಂದೆ ಸರಿದು ಹಗ್ಗ ಪಕ್ಕಕ್ಕೆ ಜಗ್ಗಿತೋ, ಎಂಜಿನ್ನಿನ ಬಲವೆಲ್ಲ ಟಗ್ಗನ್ನೇ ಮಗುಚಲು ನೆರವಾಗುತ್ತದೆ. ಇದಕ್ಕೆ ಗರ್ಟಿಂಗ್ ಅನ್ನುತ್ತಾರೆ. ಯೋಚಿಸಲು ಪುರುಸೊತ್ತಿಲ್ಲ. ಅದಕ್ಕೇ ಎಳೆಯುವ ಕೊಕ್ಕೆಗೆ ತಟ್ಟನೆ ಬಿಡಿಸುವ ಸನ್ನೆಕೋಲು ಇರುತ್ತದೆ. ಟಗ್ಗಿನ ಹಿರಿಯರಾದ ನಮ್ಮ ಸಾರಂಗರು ಕೆಲಸಕ್ಕೆ ಹೊರಡುವ ಮೊದಲು ಅದನ್ನು ಬಿಡಿಸಿ ತೋರಿಸಲು ಹೇಳುತ್ತಿದ್ದರು. ತಪಾಸಣೆಗೆಂದು ಕೊಕ್ಕೆಗೆ ಬಣ್ಣ ಬಳಿಯುವವರನ್ನು ಕಂಡರೆ ಅವರಿಗೆ ಕೆಂಡದಂಥ ಸಿಟ್ಟು. ಬಣ್ಣ ಒಣಗಿ ಕೀಲು ಹಿಡಿದರೆ ಜನ ಮುಳುಗುತ್ತಾರೆ.

ಟಗ್ಗಿನ ತಾಕತ್ತನ್ನು ಅಶ್ವಶಕ್ತಿಯಲ್ಲಿ ಹೇಳಿದರೆ ಸಾಲದು. ದಡದ ಗೂಟಕ್ಕೆ ಕಟ್ಟಿ ಪೂರ್ತಿ ಜಗ್ಗಿಸಿ, ಹಗ್ಗದ ಮೇಲೆ ಬೀಳುವ ಎಳೆತವನ್ನು ಟನ್ನಿನಲ್ಲಿ ಅಳೆಯುತ್ತಾರೆ. ಆ ಎಳೆತ ಎಂಥ ಭಾರಕ್ಕೆ ಬೇಕು ಅಂದರೆ, 2014ರ ಜನವರಿಯಲ್ಲಿ ರಷ್ಯಾದಿಂದ ಕಾರವಾರಕ್ಕೆ ಬಂದ ವಿಮಾನವಾಹಕ ಐಎನ್‌ಎಸ್ ವಿಕ್ರಮಾದಿತ್ಯದ ಉದ್ದ 284 ಮೀಟರ್, ಭಾರ 44 ಸಾವಿರ ಟನ್‌ಗೂ ಹೆಚ್ಚು. ಅಂಥದ್ದು ಧಕ್ಕೆಯ ಹತ್ತಿರ ಮೆಲ್ಲಗಾದಾಗ ಚುಕ್ಕಾಣಿಯ ಮಾತು ಕೇಳುವುದಿಲ್ಲ. ಗೋಡೆಯಂಥ ಪಕ್ಕೆಗೆ ಗಾಳಿ ಹಿಡಿಯುತ್ತದೆ. ಅದನ್ನು ಚಲಿಸುವಂತೆ ಮಾಡುವುದಕ್ಕಿಂತ ನಿಲ್ಲಿಸುವುದೇ ಕಷ್ಟ. ಟಗ್ಗಿನವರ ಅರ್ಧ ಆಯುಷ್ಯ ನಿಲ್ಲಿಸುವುದರಲ್ಲೇ ಸವೆಯುತ್ತದೆ.

ನೇವಿಯಲ್ಲೂ ಟಗ್ಗುಗಳಲ್ಲಿ ಮೇಲು ಕೀಳು ಉಂಟು. ಗಜ್, ಮಾತಂಗದಂಥ ಸಾಗರ ಟಗ್ಗುಗಳು ಐಎನ್‌ಎಸ್ ಪಟ್ಟ ಹೊತ್ತವು. ನಮ್ಮಂಥ ಯಾರ್ಡಿನ ಟಗ್ಗಿಗೆ ಪಟ್ಟವಿಲ್ಲ, ಸಮವಸ್ತ್ರದ ಸಿಬ್ಬಂದಿಯೂ ಇಲ್ಲ. ಸಾರಂಗ, ತಿಂಡಲ್, ಲಸ್ಕರ್ ಎಲ್ಲ ಸಿವಿಲಿಯನ್ನರೇ. ಅದರ ಸೇವಾಚರಿತ್ರೆ ಲಾಗ್‌ಬುಕ್ಕಿನಲ್ಲಿ ಮುಗಿಯಿತು: ಯಾವ ಹಡಗು, ಎಷ್ಟು ಹೊತ್ತಿಗೆ ಹಗ್ಗ ಕೊಟ್ಟೆವು, ಎಷ್ಟು ಹೊತ್ತಿಗೆ ಬಿಟ್ಟೆವು. ಐಎನ್‌ಎಸ್ ವಿರಾಟ್ ವಿಮಾನವಾಹಕ 2016ರ ಅಕ್ಟೋಬರಿನಲ್ಲಿ ಕೊಚ್ಚಿ ಬಿಟ್ಟದ್ದು, 2020ರ ಸೆಪ್ಟೆಂಬರಿನಲ್ಲಿ ಒಡೆಸಿಕೊಳ್ಳಲು ಮುಂಬೈಯಿಂದ ಅಲಂಗಿಗೆ ಹೋದದ್ದು ಎರಡೂ ಟಗ್ಗಿನ ಹಗ್ಗದಲ್ಲೇ. ಪತ್ರಿಕೆಗಳು ವಿರಾಟ್ ಕಥೆ ಬರೆದವು. ಎಳೆದ ಟಗ್ಗಿನ ಹೆಸರು ಎಷ್ಟು ಜನರಿಗೆ ನೆನಪಿದೆ?

2020ರ ಅಕ್ಟೋಬರಿನಲ್ಲಿ ಇತ್ತ ನಮ್ಮ ಕಡೆ ಭೀಮಾ ನದಿ ಉಕ್ಕಿ ಅಫಜಲಪುರ, ಜೇವರ್ಗಿಯ ಹಳ್ಳಿಗಳಿಗೆ ನುಗ್ಗಿತು. ದೋಣಿ ಹಗ್ಗ ಹಿಡಿದು ನಿಂತ ಹುಡುಗರಿಗೆ ನನಗೆ ಗೊತ್ತಿದ್ದಷ್ಟು ಹೇಳಿದೆ: ನಡುವಿಗಲ್ಲ, ಮೂತಿಗೆ ಕಟ್ರಿ, ಹಗ್ಗ ಕೈಗೆ ಸುತಗೋಬ್ಯಾಡ್ರಿ, ಬಿಗಿಯಾದ ಹಗ್ಗದ ನೇರಕ್ಕೆ ಯಾರೂ ನಿಲ್ಲಬ್ಯಾಡ್ರಿ. ಕಬ್ಬು ಕಡಿಯೋ ಕೋಯ್ತಾ ಒಂದು ದೋಣಿಯೊಳಗ ಇಡ್ರಿ, ಹಗ್ಗ ಹರಿಯೂದಕ್ಕ.