ಡೀಸೆಲ್ ಪಂಪ್ ಸೋರುತ್ತಿದೆಯೇ? ಬಿಚ್ಚುವ ಮೊದಲು ಒರೆಸಿ ನೋಡಿ

ಧಾರಾವಿಯ 13ನೇ ಕಂಪೌಂಡಿನಿಂದ ಪ್ಲಾಸ್ಟಿಕ್ ಮೂಟೆ ಹೇರಿಕೊಂಡು ಹೊರಡುವ ಗಾಡಿಗಳಲ್ಲಿ ಹಳೆಯ ಡೀಸೆಲ್ ಟೆಂಪೊಗಳೂ ಇವೆ. ರಾತ್ರಿ ನಿಲ್ಲಿಸಿದ ಜಾಗದಲ್ಲಿ ಬೆಳಿಗ್ಗೆ ಡೀಸೆಲ್ ಕಲೆ, ಎಷ್ಟು ಸೆಲ್ಫ್ ಹೊಡೆದರೂ ಏಳದ ಎಂಜಿನ್ – ಇವೆರಡೂ ಒಟ್ಟಿಗೆ ಕಂಡರೆ ಪಂಪಿನ ಕಡೆ ನೋಡಬೇಕು. ಡೀಸೆಲ್ ಹೊರಬರುವ ಸಂದಿಯಿಂದಲೇ ಗಾಳಿ ಒಳಹೊಕ್ಕು, ಪಂಪಿನಲ್ಲಿದ್ದ ಡೀಸೆಲ್ ಟ್ಯಾಂಕಿಗೆ ವಾಪಸಾಗಿರುತ್ತದೆ. ‘ಪಂಪ್ ಹೋಯ್ತು, ಇಳಿಸಬೇಕು’ ಎಂದರೆ ಕೂಡಲೇ ಒಪ್ಪಬೇಡಿ. ಎಷ್ಟೋ ಸಲ ಹೋಗಿರುವುದು ಒಂದು ತಾಮ್ರದ ವಾಷರ್ ಅಥವಾ ರಬ್ಬರ್ ಸೀಲು ಮಾತ್ರ.

ಹಳೆಯ ಪಂಪಿನ ಪಟ್ಟಿಯ ಮೇಲೆ ಮೈಕೊ ಎಂಬ ಹೆಸರು ಕಾಣಬಹುದು. 1951ರಲ್ಲಿ ಹುಟ್ಟಿ, ಬೆಂಗಳೂರಿನ ಆಡುಗೋಡಿಯಲ್ಲಿ ಪಂಪ್ ತಯಾರಿಸಿದ ಆ ಕಂಪನಿಯ ಹೆಸರು 2008ರಿಂದ ಬಾಷ್. ಆ ಪಂಪುಗಳ ಲೋಹ ಬಹುಕಾಲ ಬಾಳುತ್ತದೆ. ಮೊದಲು ಸೋಲುವುದು ರಬ್ಬರು. ಮುಂಬೈಯಲ್ಲಿ 2010ರಲ್ಲಿ ಡೀಸೆಲ್‌ನ ಗಂಧಕ ಹತ್ತು ಲಕ್ಷಕ್ಕೆ 50 ಭಾಗಕ್ಕೆ ಇಳಿಯಿತು, 2020ರ ಏಪ್ರಿಲ್‌ನಿಂದ 10ಕ್ಕೆ. ಗಂಧಕ ತೆಗೆಯುವಾಗ ಆರೋಮ್ಯಾಟಿಕ್ ಅಂಶಗಳೂ ಕಡಿಮೆಯಾಗುತ್ತವೆ. ಅವುಗಳಿಂದಲೇ ಉಬ್ಬಿ ಬಿಗಿಯಾಗಿ ಕೂತಿದ್ದ ಹಳೆಯ ನೈಟ್ರೈಲ್ ರಬ್ಬರ್ ಆಗ ಕುಗ್ಗುತ್ತದೆ. ಅಮೆರಿಕದಲ್ಲಿ 1993ರಲ್ಲಿ ಕಡಿಮೆ ಗಂಧಕದ ಡೀಸೆಲ್ ಬಂದಾಗಲೂ ಹಳೆಯ ಪಂಪುಗಳು ಹೀಗೇ ಸೋರಿದ್ದವು. ಆದ್ದರಿಂದ ಸೀಲ್ ಕಿಟ್ ಕೊಳ್ಳುವಾಗ ವೈಟಾನ್ ರಬ್ಬರಿನದನ್ನೇ ಕೇಳಿ.

ಮೊದಲ ಕೆಲಸ ಸೋರುವ ಜಾಗ ಹಿಡಿಯುವುದು. ಎಂಜಿನ್ ತಣ್ಣಗಾದ ಮೇಲೆ ಪಂಪನ್ನು ಬ್ರಷ್ಷಿನಿಂದ ಉಜ್ಜಿ, ಬಟ್ಟೆಯಿಂದ ಪೂರ್ತಿ ಒಣಗಿಸಿ, ಮೇಲೆ ಸೀಮೆಸುಣ್ಣದ ಪುಡಿ ಉದುರಿಸಿ. ಎಂಜಿನ್ ಸ್ಲೋ ರನ್ನಿಂಗ್‌ನಲ್ಲಿ ಓಡಲಿ. ಪುಡಿ ಎಲ್ಲಿ ಮೊದಲು ಒದ್ದೆಯಾಗುತ್ತದೋ ಅದೇ ಜಾಗ. ಡೀಸೆಲ್ ಕೆಳಗೆ ಹರಿಯುವುದರಿಂದ ತೊಟ್ಟಿಕ್ಕುವ ತುದಿಯನ್ನು ನಂಬಬೇಡಿ, ಒದ್ದೆಯ ಮೇಲಂಚನ್ನು ನೋಡಿ. ಓಡುತ್ತಿರುವ ಎಂಜಿನ್ನಿನ ನಾಝಲ್ ಪೈಪಿನ ಬಳಿ ಕೈಯಾಡಿಸಲೇಬೇಡಿ. ಅಲ್ಲಿನ ಒತ್ತಡ ನೂರಾರು ಬಾರ್. ಸೂಜಿಯಂತೆ ಚಿಮ್ಮುವ ಡೀಸೆಲ್ ಚರ್ಮ ತೂರಿ ಒಳಹೋಗುತ್ತದೆ. ಗಾಯ ಚಿಕ್ಕದಾಗಿ ಕಂಡರೂ ಬೆರಳೇ ಹೋಗುವ ಅಪಾಯವಿದೆ. ಹಾಗಾದರೆ ತಡಮಾಡದೆ ಪಕ್ಕದ ಸಾಯನ್ ಆಸ್ಪತ್ರೆಗೆ ಓಡಿ, ಡೀಸೆಲ್ ಒಳಹೊಕ್ಕಿದೆ ಎಂದು ಸ್ಪಷ್ಟವಾಗಿ ಹೇಳಿ.

ಪೈಪಿನ ಬೋಲ್ಟಿನಲ್ಲಿ ಸೋರಿಕೆ ಕಂಡರೆ ಬಿಗಿ ನೋಡಿ. ನಿಲ್ಲದಿದ್ದರೆ ಬೋಲ್ಟಿನ ಎರಡೂ ಬದಿಯ ತಾಮ್ರದ ವಾಷರ್ ಹೊಸದು ಹಾಕಿ. ಸೋರುತ್ತದೆಂದು ಮತ್ತೆ ಮತ್ತೆ ಬಿಗಿದರೆ ಮರೆ ಹಾಳಾಗುತ್ತದೆ. ರೋಟರಿ ಪಂಪಿನಲ್ಲಿ ಡೀಸೆಲ್ ವಾಪಸ್ ಹೋಗುವ ಬೋಲ್ಟಿನ ತಲೆಯ ಮೇಲೆ ‘ಔಟ್’ ಎಂದು ಇಂಗ್ಲಿಷಿನಲ್ಲಿ ಕೊರೆದಿರುತ್ತದೆ. ಅದರೊಳಗೆ ಸಣ್ಣ ತೂತಿದೆ. ಅದನ್ನು ಡೀಸೆಲ್ ಒಳಬರುವ ಬೋಲ್ಟಿನ ಜೊತೆ ಅದಲುಬದಲು ಮಾಡಿದರೆ ಎಂಜಿನ್ ಸರಿಯಾಗಿ ಓಡದು.

ರೋಟರಿ ಪಂಪಿನಲ್ಲಿ ಆಕ್ಸಿಲರೇಟರ್ ಲಿವರಿನ ಬುಡ ಒದ್ದೆಯಾಗಿದ್ದರೆ ಶಾಫ್ಟಿನ ಓರಿಂಗ್ ಹೋಗಿದೆ. ಲಿವರ್ ತೆಗೆಯುವ ಮೊದಲು ಲಿವರಿಗೂ ಶಾಫ್ಟಿಗೂ ಸೇರಿಸಿ ಒಂದು ಗೆರೆ ಕೊರೆದುಕೊಳ್ಳಿ. ಒಂದು ಹಲ್ಲು ತಪ್ಪಿ ಕೂತರೂ ಎಂಜಿನ್ನಿನ ವೇಗ ಕೆಡುತ್ತದೆ, ಓವರ್ ಸ್ಪೀಡ್ ಆಗಲೂಬಹುದು. ಮುಚ್ಚಳ ಎತ್ತುವಾಗ ಶಾಫ್ಟನ್ನು ಕೆಳಕ್ಕೆ ಒತ್ತಿ ಹಿಡಿದರೆ ಗವರ್ನರ್ ಸ್ಪ್ರಿಂಗ್ ಕಳಚುವುದಿಲ್ಲ. ಹೊಸ ಓರಿಂಗಿಗೆ ಡೀಸೆಲ್ ಸವರಿ ಕೂರಿಸಿ. ಶಾಫ್ಟ್ ಅಲುಗಾಡುತ್ತಿದ್ದರೆ ಬುಷ್ ಸವೆದಿದೆ ಎಂದರ್ಥ. ಓರಿಂಗ್ ಮಾತ್ರ ಬದಲಿಸಿದರೆ ಹೆಚ್ಚು ದಿನ ಬಾರದು.

ಗಲ್ಲಿಯಲ್ಲಿ ಮಾಡಬಹುದಾದ ಕೆಲಸ ಇಲ್ಲಿಗೆ ಮುಗಿಯಿತು. ಪಂಪಿನೊಳಗಿನ ಪ್ಲಂಜರಿಗೂ ಬ್ಯಾರಲ್ಲಿಗೂ ನಡುವಿನ ಅಂತರ ಕೆಲವೇ ಮೈಕ್ರಾನ್. ಪ್ಲಾಸ್ಟಿಕ್ ಅರೆಯುವ, ವೆಲ್ಡಿಂಗ್ ನಡೆಯುವ ಕಡೆ ಅವನ್ನು ಬಿಚ್ಚಿದರೆ ಕಣ್ಣಿಗೆ ಕಾಣದ ಧೂಳೇ ಸಾಕು ಕೆಡಿಸಲು. ಪಂಪಿನ ತಲೆಯ ಭಾಗ ಅಥವಾ ಮುಂದಿನ ಶಾಫ್ಟ್ ಸೀಲು ಸೋರಿದರೆ ಪಂಪ್ ಇಳಿಸಿ, ಕ್ಯಾಲಿಬ್ರೇಶನ್ ಬೆಂಚ್ ಇರುವ ಅಂಗಡಿಗೆ ಕೊಡಿ; ಇಳಿಸುವ ಮುನ್ನ ಟೈಮಿಂಗ್ ಗುರುತು ಹಾಕಿಕೊಳ್ಳಿ. ಎಂಜಿನ್ ಆಯಿಲ್ ಮಟ್ಟ ತಾನಾಗಿ ಏರಿ ಡೀಸೆಲ್ ವಾಸನೆ ಬರುತ್ತಿದ್ದರೆ ಗಾಡಿಯನ್ನು ಓಡಿಸಲೇಬೇಡಿ. ಸೋರಿಕೆ ಒಳಗೇ ಇದೆ, ಬೇರಿಂಗ್ ಸುಟ್ಟುಹೋಗುತ್ತದೆ.

ಕೆಲಸ ಮುಗಿದ ಮೇಲೆ ಏರ್ ತೆಗೆಯಬೇಕು. ಫಿಲ್ಟರಿನ ಏರ್ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಲ್ಲುವವರೆಗೆ ಹ್ಯಾಂಡ್ ಪಂಪ್ ಒತ್ತಿ, ಡೀಸೆಲ್ ಬರುತ್ತಿರುವಾಗಲೇ ಬಿಗಿಯಿರಿ. ಪಂಪಿನಲ್ಲಿ ಏರ್ ಸ್ಕ್ರೂ ಇದ್ದರೆ ಅಲ್ಲೂ ಹಾಗೆಯೇ. ಆಮೇಲೂ ಸ್ಟಾರ್ಟ್ ಆಗದಿದ್ದರೆ ನಾಝಲ್ ಬಳಿಯ ನಟ್ಟುಗಳನ್ನು ಸಡಿಲಿಸಿ, ಬಟ್ಟೆ ಮುಚ್ಚಿ, ದೂರ ನಿಂತು ಸೆಲ್ಫ್ ಹೊಡೆಸಿ; ಡೀಸೆಲ್ ಬಂದೊಡನೆ ಸೆಲ್ಫ್ ನಿಲ್ಲಿಸಿ, ಬಿಗಿದುಬಿಡಿ.

ಕೆಳಗೆ ತಟ್ಟೆ ಇಟ್ಟೇ ಕೆಲಸ ಮಾಡಿ. ಚೆಲ್ಲಿದ ಡೀಸೆಲನ್ನು ಮರದ ಪುಡಿಯಿಂದ ಹೀರಿಸಿ, ಗಟಾರಕ್ಕೆ ಬಿಡಬೇಡಿ. ಮನೆಗೆ ಮನೆ ಅಂಟಿಕೊಂಡ ಓಣಿ ಇದು, ಕುಂಭಾರವಾಡೆಯಲ್ಲಿ ಕುಂಬಾರರ ಆವಿಗೆ ಉರಿಯುತ್ತಿರುತ್ತದೆ. ಡೀಸೆಲ್ ಬಟ್ಟೆಯನ್ನು ಬಿಸಿ ಸೈಲೆನ್ಸರಿನ ಮೇಲೆ ಬಿಡಬೇಡಿ. ಮಳೆಗಾಲದಲ್ಲಿ 90 ಫೀಟ್ ರಸ್ತೆಯ ಮೇಲೆ ಬಿದ್ದ ಡೀಸೆಲ್ ಹಿಂದೆ ಬರುವ ಬೈಕಿನವರನ್ನು ಬೀಳಿಸುತ್ತದೆ. ಸೋರುವ ಗಾಡಿಯನ್ನು ದಯವಿಟ್ಟು ನಾಳೆಗೆಂದು ಮುಂದೂಡಬೇಡಿ. ಮತ್ತೊಂದು ಮಾತು: ಪಂಪಿನಲ್ಲಿ ಸೀಲ್ ಹಾಕಿದ ಸ್ಕ್ರೂಗಳನ್ನು ಯಾರಿಗೂ ತಿರುಗಿಸಲು ಬಿಡಬೇಡಿ. ಸೋರಿಕೆಗೂ ಅವಕ್ಕೂ ಸಂಬಂಧವಿಲ್ಲ; ತಿರುಗಿಸಿ ಹೊಗೆ ಹೆಚ್ಚಾದರೆ ಪಿಯುಸಿ (ಹೊಗೆ ತಪಾಸಣೆಯ ಪ್ರಮಾಣಪತ್ರ) ಸಿಗುವುದಿಲ್ಲ.