ಹೆಂಚಿನಡಿ ಮೂರು ಬೆರಳು ಜಾಗ

ಅಟ್ಟವನ್ನು ಕೋಣೆ ಮಾಡಿಸಲು ಹೊರಟಿದ್ದೀಯಂತೆ, ಕೇಳಿ ಸಂತೋಷವಾಯಿತು ಮಾರಾಯ. ಲಂಡನ್ನಿನ ಹಳೇ ಸಾಲುಮನೆಯಲ್ಲಿ ಮಗುವಿಗೊಂದು ಕೋಣೆ ಬೇಕೆಂದರೆ ಮೇಲೇ ಹೋಗಬೇಕು. ಆದರೆ ಕಿಟಕಿ, ಬಣ್ಣದ ಮಾತಿಗೆ ಮುಂಚೆ ಇನ್ಸುಲೇಷನ್ ಮಾತು ಮುಗಿಸು. ಪ್ಲಾಸ್ಟರ್‌ಬೋರ್ಡ್ ಹೊಡೆದ ಮೇಲೆ ಒಳಗಿನದು ಯಾರ ಕಣ್ಣಿಗೂ ಬೀಳುವುದಿಲ್ಲ.

ನನಗೆ ಆದದ್ದೇ ಅದು. ನಮ್ಮ ಮನೆಯ ಪಕ್ಕಾಸಿನ ಆಳ 100 ಮಿ.ಮೀ. ದಪ್ಪವಿದ್ದಷ್ಟೂ ಬೆಚ್ಚಗೆ ಎಂದು ಕೆಲಸದವರು ಹೆಂಚಿನಡಿಯ ಫೆಲ್ಟಿಗೆ ತಾಗುವಂತೆ ಇನ್ಸುಲೇಷನ್ ಉಣ್ಣೆ ತುರುಕಿದರು, ನಾನೂ ಹೂಂ ಅಂದೆ. ಎರಡನೇ ಚಳಿಗಾಲಕ್ಕೆ ಮಗಳ ಮಂಚದ ಮೇಲ್ಗಡೆ ಕಾಸಿನಗಲ ಕಲೆ ಮೂಡಿತು. ಬಿಚ್ಚಿಸಿದರೆ ಉಣ್ಣೆ ಹಿಂಡುವಷ್ಟು ಒದ್ದೆ, ಪಕ್ಕಾಸಿನ ತುಂಬ ಕಪ್ಪು ಬೂಷ್ಟು. ಮಳೆ ಸೋರಿದ್ದಲ್ಲ. ನಮ್ಮ ಉಸಿರು, ಸ್ನಾನ, ಅಡುಗೆಯ ಹಬೆಯೇ ಮೇಲೇರಿ, ತಣ್ಣನೆಯ ಫೆಲ್ಟಿಗೆ ತಗಲಿ ನೀರಾಗಿತ್ತು. ಊರಿನ ಹೆಂಚಿನ ಮಾಡಿನಲ್ಲಿ ಸಂದುಸಂದಿಗೂ ಗಾಳಿಯಾಡುತ್ತದೆ. ಇಲ್ಲಿ ಆ ದಾರಿಯನ್ನು ನಾವೇ ಬಿಡಬೇಕು.

ನಿನ್ನದೂ ಹಳೇ ಫೆಲ್ಟೇ ಆದರೆ ಅದರಡಿ ಸೂರಿನಿಂದ ಮಾಡಿನ ನೆತ್ತಿಯವರೆಗೆ 50 ಮಿ.ಮೀ. ಖಾಲಿ ಬಿಡಿಸು. ಉಳಿದ ಆಳಕ್ಕೆ ಪಿಐಆರ್ ಎಂಬ ಗಟ್ಟಿ ಇನ್ಸುಲೇಷನ್ ಬೋರ್ಡ್ ಕೂರಿಸಿ, ಪಕ್ಕಾಸುಗಳ ಕೆಳಗೆ ಇನ್ನೊಂದು ಪದರ ಹಾಸಿಸು. ಉಣ್ಣೆ 100 ಮಿ.ಮೀ.ನಲ್ಲಿ ಮಾಡುವ ಕೆಲಸವನ್ನು ಪಿಐಆರ್ ಸುಮಾರು 65ರಲ್ಲಿ ಮಾಡುತ್ತದೆ, ಅಷ್ಟು ಎತ್ತರ ನಿನಗೆ ಉಳಿಯುತ್ತದೆ. ತಲೆಗೆ ತಾಗೀತೆಂದು ಕೆಳಗಿನ ಪದರ ಮಾತ್ರ ಬಿಡಬೇಡ. ಮರದ ಮೂಲಕ ಸೋರುವ ಶಾಖವನ್ನು ತಡೆಯುವುದು ಅದೊಂದೇ. ಒಟ್ಟು ದಪ್ಪವೆಷ್ಟೆಂದು ಬಿಲ್ಡಿಂಗ್ ಕಂಟ್ರೋಲ್‌ನವರಿಗೆ ಲೆಕ್ಕ ತೋರಿಸಿಯೇ ನಿಶ್ಚಯಿಸು.

ಬೋರ್ಡು ಕತ್ತರಿಸಿದಲ್ಲೆಲ್ಲ ಫೋಮ್ ತುಂಬಿ, ಕೀಲುಗಳಿಗೆ ಫಾಯಿಲ್ ಟೇಪ್ ಅಂಟಿಸಬೇಕು. ಹಬೆ ತಡೆಯುವ ಪದರ ಕೋಣೆಯ ಕಡೆಗೇ ಇರಬೇಕು. ಆಮೇಲೆ ದೀಪಕ್ಕೆಂದು ಅದನ್ನು ತೂತು ಮಾಡಲು ಬಿಡಬೇಡ.

ಬೇಸಿಗೆಯನ್ನೂ ನೆನೆ. 2022ರ ಜುಲೈನಲ್ಲಿ ಇಂಗ್ಲೆಂಡಿನಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ ನಮ್ಮ ಅಟ್ಟದಲ್ಲಿ ಮಲಗಲಾಗಲಿಲ್ಲ. ಎತ್ತರ ಸಾಕಷ್ಟಿದ್ದರೆ ಮರದ ನಾರಿನ ಬೋರ್ಡನ್ನೂ ವಿಚಾರಿಸು. ಭಾರವಾದ್ದರಿಂದ ಮಧ್ಯಾಹ್ನದ ಬಿಸಿ ಒಳಗಿಳಿಯುವುದು ತಡವಾಗುತ್ತದೆ. ದಪ್ಪ, ದುಡ್ಡು ಎರಡೂ ಜಾಸ್ತಿ, ಆದರೂ ಮಗು ಮಲಗುವ ಕೋಣೆಯಲ್ಲವೇ. ಸ್ಪ್ರೇ ಫೋಮ್ ಮಾತ್ರ ಬೇಡ. ಅದನ್ನು ಕಂಡರೆ ಎಷ್ಟೋ ಬ್ಯಾಂಕುಗಳು ಮನೆಸಾಲಕ್ಕೆ ಹಿಂದೇಟು ಹಾಕುತ್ತವೆ.

ಬೋರ್ಡು ಕೂರಿಸುವ ದಿನ ರಜೆ ಹಾಕು. ಟಾರ್ಚ್ ಹಿಡಿದು ಹತ್ತಿ, ಫೆಲ್ಟಿನಡಿ ನಿನ್ನ ಮೂರು ಬೆರಳು ಒಟ್ಟಿಗೆ ತೂರುತ್ತವೆಯೇ ನೋಡು. ಪ್ರತಿ ಎರಡು ಪಕ್ಕಾಸುಗಳ ನಡುವೆಯೂ ನೋಡು. ಫೋಟೋ ತೆಗೆದಿಟ್ಟುಕೊಂಡ ಮೇಲೆ ಪ್ಲಾಸ್ಟರ್‌ಬೋರ್ಡಿಗೆ ಹೂಂ ಅನ್ನು.